‘ವಿವರಣೆ ಇದೆ, ವಾದ ಇಲ್ಲ’ ಅಂದರೆ ಏನರ್ಥ?

ಪ್ರಶ್ನೆ: ನಾನು ಹನ್ನೊಂದನೇ ತರಗತಿ ವಿದ್ಯಾರ್ಥಿನಿ. ‘ಸಿಡುಬು ರೋಗದ ನಿರ್ಮೂಲನೆ’ ಎಂಬ ವಿಷಯದ ಮೇಲೆ 1,500 ಪದಗಳ ಔಪಚಾರಿಕ ಪ್ರಬಂಧ ಬರೆಯಬೇಕು. ಮೊದಲ ಕರಡು ಕೊಟ್ಟೆ. ಟೀಚರ್ ಮೂರು ಮಾತು ಬರೆದು ವಾಪಸ್ ಕೊಟ್ಟರು: ‘ವಿವರಣೆ ಇದೆ, ವಾದ ಇಲ್ಲ’, ‘ಭಾಷೆ ಔಪಚಾರಿಕವಾಗಿಲ್ಲ’, ‘ಇದೆಲ್ಲ ಎಲ್ಲಿಂದ ಬಂತು?’ ನಾನು ಬರೆದ ಇಸವಿಗಳಲ್ಲಿ ಒಂದೂ ತಪ್ಪಿಲ್ಲ, ಎರಡು ಸಲ ನೋಡಿದ್ದೇನೆ. ಆದರೂ ವಾಪಸ್ ಬಂತು. ಗೆಳತಿ ದೊಡ್ಡ ದೊಡ್ಡ ಪದ ಹಾಕು ಅಂತಾಳೆ. ಅಣ್ಣ ‘ನಾನು’ ಅಂತ ಎಲ್ಲೂ ಬರಬಾರದು, ಸರಿಯಾಗಿ ಐದೇ ಪ್ಯಾರಾ ಇರಬೇಕು ಅಂತಾನೆ. ವಿಕಿಪೀಡಿಯ ತೆರೆದರೇ ತಪ್ಪು ಅಂತ ಒಬ್ಬರು, ಎಐಗೆ ಹೇಳಿದರೆ ಅದೇ ಬರೆದುಕೊಡುತ್ತೆ ಅಂತ ಇನ್ನೊಬ್ಬರು. ಗೊತ್ತಿಲ್ಲದೆ ಕೃತಿಚೌರ್ಯ ಆಗಿಬಿಟ್ಟರೆ ಅನ್ನೋ ಭಯವೂ ಇದೆ. ಇನ್ನು ಹತ್ತು ದಿನ ಉಳಿದಿದೆ. ನನ್ನ ಮೊದಲ ಪ್ಯಾರಾ ಇದು:

“ಅನಾದಿ ಕಾಲದಿಂದಲೂ ಮಾನವನು ಅನೇಕ ರೋಗಗಳಿಂದ ಬಳಲುತ್ತಾ ಬಂದಿದ್ದಾನೆ. ಅವುಗಳಲ್ಲಿ ಸಿಡುಬು ತುಂಬಾ ಭಯಂಕರವಾದ ರೋಗ. ಇದರಿಂದ ಕೋಟ್ಯಂತರ ಜನ ಸತ್ತುಹೋದರು. ಎಡ್ವರ್ಡ್ ಜೆನ್ನರ್ ಎಂಬ ಮಹಾನ್ ವೈದ್ಯರು 1796ರಲ್ಲಿ ಲಸಿಕೆಯನ್ನು ಕಂಡುಹಿಡಿದು ಮನುಕುಲವನ್ನು ಉಳಿಸಿದರು. ಕೊನೆಗೆ 1980ರಲ್ಲಿ ಸಿಡುಬು ಪ್ರಪಂಚದಿಂದಲೇ ಮಾಯವಾಯಿತು.”

ಏನು ಮಾಡಲಿ?

ಉತ್ತರ: ‘ಒಂದೂ ತಪ್ಪಿಲ್ಲ, ಆದರೂ ವಾಪಸ್ ಬಂತು’ ಅಂತ ಬರೆದಿದ್ದೀರಿ. ನಿಮ್ಮ ಬೇಸರ ಅರ್ಥವಾಗುತ್ತದೆ. ಪ್ರಬಂಧ ಬರೆಯುವುದನ್ನು ಕಲಿಸುವುದು, ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಈ ಕೆಲಸದಲ್ಲಿ ಅತಿ ಹೆಚ್ಚು ಕೇಳಿದ ದೂರು ಇದೇ. ಅದೂ ಕಷ್ಟಪಟ್ಟು ಓದಿದವರಿಂದಲೇ. ಓದದೇ ಬರೆದವರಿಗೆ ಯಾಕೆ ವಾಪಸ್ ಬಂತು ಅಂತ ಗೊತ್ತಿರುತ್ತದೆ. ಓದಿದವರಿಗೆ ಗೊತ್ತಾಗುವುದಿಲ್ಲ, ಅದಕ್ಕೇ ಜಾಸ್ತಿ ನೋವಾಗುತ್ತದೆ.

ನಿಮ್ಮ ಟೀಚರ್ ಬರೆದದ್ದು ಮೂರು ಬೇರೆ ಬೇರೆ ತಪ್ಪುಗಳ ಪಟ್ಟಿಯಂತೆ ಕಾಣುತ್ತದೆ, ಅಲ್ವಾ? ನನಗೆ ಹಾಗೆ ಕಾಣುತ್ತಿಲ್ಲ. ಮೂರಕ್ಕೂ ಬೇರು ಒಂದೇ. ನಿಮ್ಮ ಕರಡು ಯಾವ ಪ್ರಶ್ನೆಗೂ ಉತ್ತರ ಕೊಡುತ್ತಿಲ್ಲ. ಸಿಡುಬಿನ ಬಗ್ಗೆ ನಿಮಗೆ ಗೊತ್ತಿರುವುದನ್ನು ಕಾಲಕ್ರಮದಲ್ಲಿ ಹೇಳುತ್ತಾ ಹೋಗುತ್ತದೆ. ಉತ್ತರಿಸಬೇಕಾದ ಪ್ರಶ್ನೆಯೇ ಇಲ್ಲದ ಮೇಲೆ ವಾದ ಎಲ್ಲಿಂದ ಬರಬೇಕು? ವಾದ ಇಲ್ಲದ ಕಡೆ ಆಧಾರ ಕೊಡಬೇಕು ಅಂತಲೂ ಅನ್ನಿಸುವುದಿಲ್ಲ. ಆಧಾರ ಇಲ್ಲದಿದ್ದರೆ ಆ ಜಾಗವನ್ನು ‘ತುಂಬಾ ಭಯಂಕರ’, ‘ಮಹಾನ್’ ಅನ್ನೋ ಮಾತುಗಳು ತುಂಬುತ್ತವೆ. ಭಾಷೆ ಸಡಿಲ ಅನ್ನಿಸುವುದು ಅದಕ್ಕೇ. ಹಾಗಾಗಿ ಭಾಷೆಯನ್ನು ತಿದ್ದಲು ಹೊರಡಬೇಡಿ. ಪ್ರಶ್ನೆಯಿಂದ ಶುರು ಮಾಡಿ.

‘ಸಿಡುಬು ರೋಗದ ನಿರ್ಮೂಲನೆ’ ಅನ್ನುವುದು ವಿಷಯ, ಪ್ರಶ್ನೆ ಅಲ್ಲ. ಅದರ ಮೇಲೆ ಪುಸ್ತಕ ಬರೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ 1988ರಲ್ಲಿ ಅದೇ ವಿಷಯದ ಮೇಲೆ ಸಾವಿರಕ್ಕೂ ಹೆಚ್ಚು ಪುಟಗಳ ಇತಿಹಾಸವನ್ನು ಪ್ರಕಟಿಸಿದೆ. 1,500 ಪದಗಳಲ್ಲಿ ಅಷ್ಟನ್ನೂ ಹಿಡಿಯಲು ಹೋದರೆ ಎಲ್ಲದರ ಮೇಲೂ ಕೈಯಾಡಿಸಿ ಯಾವುದನ್ನೂ ಹಿಡಿಯದಂತೆ ಆಗುತ್ತದೆ.

ಈಗ ನಿಮ್ಮದೇ ಪ್ಯಾರಾ ನೋಡಿ. ಅದರಲ್ಲಿ ಎರಡು ಇಸವಿ ಇವೆ: 1796 ಮತ್ತು 1980. ನಡುವೆ 184 ವರ್ಷ. ನೀವು ಆ ಅಂತರವನ್ನು ‘ಕೊನೆಗೆ’ ಎಂಬ ಒಂದೇ ಪದದಲ್ಲಿ ದಾಟಿಬಿಟ್ಟಿದ್ದೀರಿ. ನಿಮ್ಮ ಪ್ರಬಂಧ ಇರುವುದು ಅಲ್ಲೇ. ಲಸಿಕೆ 1796ರಲ್ಲೇ ಸಿಕ್ಕಿತ್ತು ಅಂದಮೇಲೆ ರೋಗ ಹೋಗಲು ಇಷ್ಟು ಕಾಲ ಯಾಕೆ ಬೇಕಾಯಿತು? ವಿಶ್ವ ಆರೋಗ್ಯ ಸಂಸ್ಥೆ ತನ್ನ ತೀವ್ರ ಕಾರ್ಯಕ್ರಮ ಶುರು ಮಾಡಿದ್ದು 1967ರಲ್ಲಿ. ಆಗ ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಜನರಿಗೆ ಸಿಡುಬು ಬರುತ್ತಿತ್ತು ಎಂದು ಅಂದಾಜು. ಸಹಜವಾಗಿ ಹರಡಿದ ಕೊನೆಯ ಪ್ರಕರಣ ಸೊಮಾಲಿಯಾದಲ್ಲಿ 1977ರ ಅಕ್ಟೋಬರ್‌ನಲ್ಲಿ ಕಂಡಿತು. ಅಂದರೆ ಸುಮಾರು 170 ವರ್ಷ ಆಗದ ಕೆಲಸ ಹತ್ತೇ ವರ್ಷದಲ್ಲಿ ಆಯಿತು. ಆ ಹತ್ತು ವರ್ಷದಲ್ಲಿ ಬದಲಾದದ್ದೇನು?

ಇದು ಪ್ರಶ್ನೆ. ಇದನ್ನು ಕೇಳಿದ ತಕ್ಷಣ ಓದುವ ರೀತಿಯೇ ಬೇರೆ ಆಗುತ್ತದೆ. ಮೊದಲು ಸುಮ್ನೆ ಇಸವಿ, ಹೆಸರು ಗುರುತು ಹಾಕಿಕೊಳ್ಳುತ್ತಿದ್ದಿರಿ. ಈಗ ಉತ್ತರ ಹುಡುಕುತ್ತೀರಿ. ಸಿಗುವ ಉತ್ತರವೂ ಒಂದೇ ಅಲ್ಲ. ಒಣಗಿಸಿ ಪುಡಿ ಮಾಡಿದ ಲಸಿಕೆ ಬಂದಿತ್ತು, ಅದನ್ನು ಬಿಸಿ ಪ್ರದೇಶಗಳಿಗೂ ಕೆಡದಂತೆ ಒಯ್ಯಬಹುದಿತ್ತು. ಎರಡು ಮೊನೆಯ ಸೂಜಿ ಬಂತು. ಅದರಿಂದ ಮೊದಲಿನ ಕಾಲು ಭಾಗದಷ್ಟು ಲಸಿಕೆ ಸಾಕಾಗುತ್ತಿತ್ತು, ಹಾಕುವುದನ್ನು ಕಲಿಸುವುದೂ ಸುಲಭವಾಗಿತ್ತು. 1958ರಲ್ಲಿ ಸೋವಿಯತ್ ಒಕ್ಕೂಟ ಜಾಗತಿಕ ನಿರ್ಮೂಲನೆಯ ಪ್ರಸ್ತಾವ ಇಟ್ಟಿತು, ಮುಂದೆ ಅಮೆರಿಕವೂ ಕೈಜೋಡಿಸಿತು. ಶೀತಲ ಸಮರದ ಎರಡು ಬಣಗಳು ಒಂದೇ ಕೆಲಸಕ್ಕೆ ನಿಂತವು. ರೋಗಿಯನ್ನು ಹುಡುಕಿ ಅವರ ಸುತ್ತಲಿನವರಿಗೆ ಮೊದಲು ಲಸಿಕೆ ಹಾಕುವ ವಿಧಾನ ಬಂತು. ಜೊತೆಗೆ ವೈರಸ್ಸಿನ ಸ್ವಭಾವವೂ ಇದೆ. ಸಿಡುಬು ಮನುಷ್ಯರಲ್ಲಿ ಮಾತ್ರ ಬದುಕುತ್ತಿತ್ತು, ಪ್ರಾಣಿಗಳಲ್ಲಿ ಅಡಗಿ ಕೂರುತ್ತಿರಲಿಲ್ಲ, ರೋಗಿಯನ್ನು ಕಣ್ಣಿಂದಲೇ ಗುರುತಿಸಬಹುದಿತ್ತು.

ಇವುಗಳಲ್ಲಿ ಯಾವುದು ಮುಖ್ಯ? ಇಲ್ಲಿ ನೀವು ಒಂದು ನಿಲುವು ತೆಗೆದುಕೊಳ್ಳಬೇಕು. ಆ ನಿಲುವನ್ನೇ ಪ್ರಬಂಧದ ಪ್ರತಿಪಾದನೆ ಅನ್ನುತ್ತೇವೆ. ಅದು ನಿಜವೋ ಅಲ್ಲವೋ ಅಂತ ವಿಷಯ ಬಲ್ಲವರು ನಿಮ್ಮೊಡನೆ ವಾದ ಮಾಡಲು ಸಾಧ್ಯವಿರಬೇಕು. ‘ಸಿಡುಬು ಭಯಂಕರ ರೋಗ’ ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ, ಹಾಗಾಗಿ ಅದು ಪ್ರತಿಪಾದನೆ ಅಲ್ಲ. ಇದನ್ನು ನೋಡಿ:

“ಸಿಡುಬಿನ ನಿರ್ಮೂಲನೆಗೆ ಲಸಿಕೆ ಅಗತ್ಯವಾಗಿತ್ತು, ಆದರೆ ಅದೊಂದೇ ಸಾಕಾಗಲಿಲ್ಲ. 1967ರ ನಂತರ ಕೆಲಸ ವೇಗವಾಗಿ ಮುಗಿಯಲು ಮುಖ್ಯ ಕಾರಣ, ಎಲ್ಲರಿಗೂ ಲಸಿಕೆ ಹಾಕುವ ಬದಲು ರೋಗ ಇರುವ ಜಾಗವನ್ನು ಹುಡುಕಿ ಅದನ್ನು ಸುತ್ತುವರಿಯುವ ವಿಧಾನ.”

ಇದನ್ನು ಒಪ್ಪದವರು ಇರಬಹುದು. ಸೂಜಿಯೇ ಮುಖ್ಯ ಅನ್ನಬಹುದು, ರಾಜಕೀಯವೇ ಮುಖ್ಯ ಅನ್ನಬಹುದು. ಅವರಿಗೆ ಉತ್ತರ ಕೊಡುವುದೇ ಉಳಿದ ಪ್ರಬಂಧದ ಕೆಲಸ. ನೀವು ಇದೇ ನಿಲುವು ತೆಗೆದುಕೊಳ್ಳಬೇಕು ಅಂತಿಲ್ಲ. ಓದಿದ ಮೇಲೆ ಯಾವುದು ಸರಿ ಅನ್ನಿಸುತ್ತದೋ ಅದು. ಬರೆಯುತ್ತಾ ಬರೆಯುತ್ತಾ ನಿಲುವು ಬದಲಾದರೂ ಗಾಬರಿ ಬೇಡ. ಕರಡಿನಲ್ಲಿ ಅದು ಆಗಲೇಬೇಕಾದ ಸಂಗತಿ.

ಪ್ರತಿಪಾದನೆ ಒಂದು ಬಂದರೆ ಪ್ಯಾರಾಗಳ ಕೆಲಸವೂ ಸ್ಪಷ್ಟವಾಗುತ್ತದೆ. ಪ್ರತಿ ಪ್ಯಾರಾ ಅದರ ಒಂದು ಭಾಗವನ್ನು ಹೊತ್ತು ನಡೆಯಬೇಕು. ಒಂದು ಪ್ಯಾರಾ ಬರೆದು ತೋರಿಸುತ್ತೇನೆ:

“ಎಷ್ಟು ಜನರಿಗೆ ಲಸಿಕೆ ಹಾಕಲಾಯಿತು ಎಂಬುದಕ್ಕಿಂತ ಯಾರಿಗೆ ಮೊದಲು ಹಾಕಲಾಯಿತು ಎಂಬುದು ಫಲಿತಾಂಶವನ್ನು ನಿರ್ಧರಿಸಿತು. 1966ರ ಕೊನೆಯಲ್ಲಿ ಪೂರ್ವ ನೈಜೀರಿಯಾದಲ್ಲಿ ಎಲ್ಲರಿಗೂ ಸಾಲುವಷ್ಟು ಲಸಿಕೆ ಇರಲಿಲ್ಲ. ಅಮೆರಿಕದ ವೈದ್ಯ ವಿಲಿಯಂ ಫೇಗಿ ಮತ್ತು ಸಂಗಡಿಗರು ರೋಗಿಗಳಿದ್ದ ಹಳ್ಳಿಗಳನ್ನು ರೇಡಿಯೋ ಸಂಪರ್ಕದ ಮೂಲಕ ಪತ್ತೆ ಮಾಡಿ, ಅಲ್ಲಿನವರಿಗೆ ಮತ್ತು ರೋಗ ಮುಂದೆ ತಲುಪಬಹುದಾದ ಊರುಗಳವರಿಗೆ ಮೊದಲು ಲಸಿಕೆ ಹಾಕಿದರು. ಬಹುಪಾಲು ಜನರಿಗೆ ಲಸಿಕೆ ಸಿಗುವ ಮೊದಲೇ ಅಲ್ಲಿ ರೋಗ ಹರಡುವುದು ನಿಂತಿತು. ಸೋಂಕಿನ ಸರಪಳಿಯನ್ನು ಕಡಿಯಲು ಇಡೀ ಜನಸಂಖ್ಯೆಯನ್ನು ತಲುಪಬೇಕೆಂಬ ಅದುವರೆಗಿನ ನಂಬಿಕೆಯನ್ನು ಈ ಅನುಭವ ಪ್ರಶ್ನಿಸಿತು.”

ಮೊದಲ ವಾಕ್ಯ ಒಂದು ಮಾತನ್ನು ಹೇಳುತ್ತದೆ. ಮುಂದಿನ ಮೂರು ಅದಕ್ಕೆ ಸಾಕ್ಷಿ. ಕೊನೆಯದು ಆ ಸಾಕ್ಷಿಯಿಂದ ಏನು ತಿಳಿಯಿತು ಅನ್ನುತ್ತದೆ. ವಿದ್ಯಾರ್ಥಿಗಳು ಬಿಟ್ಟುಬಿಡುವುದು ಈ ಕೊನೆಯ ವಾಕ್ಯವನ್ನೇ. ಸಾಕ್ಷಿ ಕೊಟ್ಟರೆ ಸಾಕು, ಓದುವವರು ಅರ್ಥ ಮಾಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಮಾಡಿಕೊಳ್ಳುವುದಿಲ್ಲ. ಅದೇ ಸಾಕ್ಷಿಯಿಂದ ಇನ್ನೊಬ್ಬರು ಬೇರೆ ತೀರ್ಮಾನಕ್ಕೆ ಬರಬಹುದು. ‘ಹಾಗಾದರೆ ಇದರಿಂದ ಏನು?’ ಎಂಬ ಪ್ರಶ್ನೆಯನ್ನು ಪ್ರತಿ ಪ್ಯಾರಾದ ಕೊನೆಗೂ ನೀವೇ ಕೇಳಿಕೊಂಡು ಉತ್ತರ ಬರೆಯಿರಿ. ಟೀಚರ್ ಹೇಳಿದ ‘ವಾದ’ ಇರುವುದು ಆ ವಾಕ್ಯಗಳಲ್ಲಿ.

ಎದುರು ವಾದಕ್ಕೂ ಒಂದು ಪ್ಯಾರಾ ಇಡಿ. ನಿಮ್ಮ ವಿಷಯದಲ್ಲಿ ಬಲವಾದ ಎದುರು ವಾದವೇ ಇದೆ. ಉತ್ತರ ಅಮೆರಿಕ 1952ರಲ್ಲಿ, ಯುರೋಪ್ 1953ರಲ್ಲಿ ಸಿಡುಬಿನಿಂದ ಮುಕ್ತವಾದವು. ಆಗಿನ್ನೂ ಈ ಸುತ್ತುವರಿಯುವ ವಿಧಾನ ಜಾಗತಿಕ ಕಾರ್ಯತಂತ್ರ ಆಗಿರಲಿಲ್ಲ. ವ್ಯಾಪಕವಾಗಿ ಲಸಿಕೆ ಹಾಕಿಯೇ ಅಲ್ಲಿ ಕೆಲಸ ಆಯಿತಲ್ಲ ಅಂತ ಯಾರಾದರೂ ಕೇಳಿದರೆ? ಇದನ್ನು ಮುಚ್ಚಿಡಬೇಡಿ. ನೀವೇ ಎತ್ತಿ, ಉತ್ತರ ಕೊಡಿ. ಅಲ್ಲಿನ ಆರೋಗ್ಯ ವ್ಯವಸ್ಥೆ, ದಾಖಲೆ, ರಸ್ತೆಗಳು ಎಲ್ಲ ಕಡೆ ಇರಲಿಲ್ಲ ಅನ್ನಬಹುದು. ಅಥವಾ ಒಂದಿಷ್ಟು ಒಪ್ಪಿಕೊಂಡು ನಿಮ್ಮ ಪ್ರತಿಪಾದನೆಯನ್ನೇ ‘ಬಡ, ದಟ್ಟ ಜನಸಂಖ್ಯೆಯ ದೇಶಗಳಲ್ಲಿ’ ಅಂತ ಕಿರಿದು ಮಾಡಿಕೊಳ್ಳಬಹುದು. ಎದುರು ವಾದ ತಂದರೆ ನಮ್ಮ ಪ್ರಬಂಧ ದುರ್ಬಲವಾಗುತ್ತೆ ಅಂತ ಹೆದರುವವರು ತುಂಬಾ ಜನ. ಓದುವವರಿಗೆ ಆ ಪ್ರಶ್ನೆ ಹೇಗೂ ಹೊಳೆಯುತ್ತದೆ. ನಿಮಗೆ ಅದು ಹೊಳೆಯಲೇ ಇಲ್ಲ ಅಂತ ಅವರಿಗೆ ಅನ್ನಿಸುವುದು ಅದಕ್ಕಿಂತ ಕೆಟ್ಟದ್ದು.

ಇನ್ನು ಭಾಷೆ. ನಿಮ್ಮ ಗೆಳತಿ ಹೇಳಿದಂತೆ ದೊಡ್ಡ ಪದ ಹಾಕುವುದರಿಂದ ಬರಹ ಔಪಚಾರಿಕ ಆಗುವುದಿಲ್ಲ. ‘ಸತ್ತುಹೋದರು’ ತೆಗೆದು ‘ಮೃತ್ಯುವಶರಾದರು’ ಅಂತ ಹಾಕಿದರೆ ಏನೂ ಬದಲಾಗದು. ‘ಮರಣ ಹೊಂದಿದರು’ ಅಥವಾ ‘ಸತ್ತರು’ ಸಾಕು. ಔಪಚಾರಿಕ ಭಾಷೆಯಲ್ಲಿ ಮುಖ್ಯವಾದದ್ದು ನಿಖರತೆ. ಆ ದೃಷ್ಟಿಯಿಂದ ನಿಮ್ಮ ಪ್ಯಾರಾ ಒಂದು ಸಲ ಓದೋಣ.

‘ಅನಾದಿ ಕಾಲದಿಂದಲೂ ಮಾನವನು’ ಅನ್ನುವುದನ್ನು ಯಾವ ವಿಷಯದ ಪ್ರಬಂಧಕ್ಕೂ ಹಾಕಬಹುದು. ಹಾಗಾಗಿ ಅದು ನಿಮ್ಮ ಪ್ರಬಂಧದ್ದಲ್ಲ. ತೆಗೆಯಿರಿ. ‘ತುಂಬಾ ಭಯಂಕರ’ ಅನ್ನುವುದು ನಿಮ್ಮ ಭಾವನೆ. ಸಿಡುಬಿನ ತೀವ್ರ ರೂಪ ಬಂದವರಲ್ಲಿ ಶೇಕಡ 30ರಷ್ಟು ಜನ ಸಾಯುತ್ತಿದ್ದರು ಅಂತ ಬರೆದರೆ ವಿಶೇಷಣವೇ ಬೇಡ, ಓದುವವರಿಗೇ ಭಯವಾಗುತ್ತದೆ. ‘ಕೋಟ್ಯಂತರ’ ಎಷ್ಟು? 20ನೇ ಶತಮಾನವೊಂದರಲ್ಲೇ 30 ಕೋಟಿ ಸಾವು ಅಂತ ಹಲವು ಕಡೆ ಇದೆ, ಬೇರೆ ಕಡೆ ಇನ್ನೂ ದೊಡ್ಡ ಸಂಖ್ಯೆಗಳಿವೆ. ಎಲ್ಲವೂ ಅಂದಾಜುಗಳೇ. ಯಾವುದನ್ನು ತೆಗೆದುಕೊಂಡಿರಿ, ಅದು ಯಾರ ಅಂದಾಜು ಅಂತ ಹೇಳಿ. ‘ಜೆನ್ನರ್ ಕಂಡುಹಿಡಿದರು’ ಅಂದಿದ್ದೀರಿ. ಜೆನ್ನರ್‌ಗಿಂತ ಮೊದಲೇ, 1774ರಲ್ಲಿ, ಬೆಂಜಮಿನ್ ಜೆಸ್ಟಿ ಎಂಬ ಇಂಗ್ಲಿಷ್ ರೈತ ಹಸುವಿನ ಸಿಡುಬಿನ ಕೀವನ್ನು ತನ್ನ ಹೆಂಡತಿ ಮಕ್ಕಳಿಗೆ ಚುಚ್ಚಿದ್ದ. ಜೆನ್ನರ್ ಮಾಡಿದ್ದು ಅದನ್ನು ಪರೀಕ್ಷಿಸಿ, ದಾಖಲಿಸಿ, 1798ರಲ್ಲಿ ಪ್ರಕಟಿಸಿದ್ದು. ಅದೂ ಸಣ್ಣ ಕೆಲಸವಲ್ಲ, ಆದರೆ ಅದಕ್ಕೆ ‘ಕಂಡುಹಿಡಿದರು’ ಸರಿಯಾದ ಕ್ರಿಯಾಪದ ಅಲ್ಲ.

ಕೊನೆಯ ವಾಕ್ಯಕ್ಕೆ ಬನ್ನಿ. ‘1980ರಲ್ಲಿ ಸಿಡುಬು ಪ್ರಪಂಚದಿಂದಲೇ ಮಾಯವಾಯಿತು.’ ಇಸವಿ ಸರಿ, ಅದರ ಜೊತೆಗಿನ ಮಾತು ಸರಿಯಿಲ್ಲ. ಸಹಜ ಸೋಂಕಿನ ಕೊನೆಯ ಪ್ರಕರಣ 1977ರದ್ದು. 1978ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನಾ ಪ್ರಯೋಗಾಲಯ ಇದ್ದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯೊಬ್ಬರು ಸೋಂಕು ತಗಲಿ ತೀರಿಕೊಂಡರು. 1979ರ ಡಿಸೆಂಬರ್‌ನಲ್ಲಿ ತಜ್ಞರ ಆಯೋಗ ನಿರ್ಮೂಲನೆಯನ್ನು ದೃಢೀಕರಿಸಿತು. 1980ರ ಮೇ 8ರಂದು ವಿಶ್ವ ಆರೋಗ್ಯ ಸಭೆ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳ ಸಭೆ, ಅದನ್ನು ಘೋಷಿಸಿತು. ವೈರಸ್ ಇನ್ನೂ ಇದೆ, ಅಮೆರಿಕ ಮತ್ತು ರಷ್ಯಾದ ತಲಾ ಒಂದು ಪ್ರಯೋಗಾಲಯದಲ್ಲಿ. ಹಾಗಾಗಿ ‘1980ರಲ್ಲಿ ವಿಶ್ವ ಆರೋಗ್ಯ ಸಭೆ ಸಿಡುಬು ನಿರ್ಮೂಲವಾಗಿದೆ ಎಂದು ಘೋಷಿಸಿತು’ ಅನ್ನಿ. ಒಂದೇ ಒಂದು ದೊಡ್ಡ ಪದ ಸೇರಿಸದೆ ವಾಕ್ಯ ಔಪಚಾರಿಕವಾಯಿತು, ಕಂಡಿರಾ? ಯಾರು, ಯಾವಾಗ, ಏನು ಮಾಡಿದರು ಅಂತ ಸರಿಯಾಗಿ ಹೇಳಿದ್ದಷ್ಟೇ.

ಮಾತಿನ ರೂಪಗಳನ್ನು ಮಾತ್ರ ಬಿಡಬೇಕು. ನಾನು ಇಲ್ಲಿ ನಿಮ್ಮ ಜೊತೆ ‘ಸುಮ್ನೆ’, ‘ಅಲ್ವಾ’ ಅಂತ ಮಾತಾಡುತ್ತಿದ್ದೇನೆ, ಪ್ರಬಂಧದಲ್ಲಿ ಅವು ಬೇಡ. ಆಶ್ಚರ್ಯಸೂಚಕ ಚಿಹ್ನೆ ಬೇಡ. ಓದುವವರನ್ನು ‘ನೀವು’ ಅಂತ ಕರೆಯುವುದು ಬೇಡ. ‘ಎಲ್ಲರಿಗೂ ತಿಳಿದಿರುವಂತೆ’ ಅಂತ ಬರೆಯಬೇಡಿ. ಎಲ್ಲರಿಗೂ ತಿಳಿದಿದ್ದರೆ ಬರೆಯುವುದೇಕೆ, ತಿಳಿದಿಲ್ಲದಿದ್ದರೆ ಆ ಮಾತು ಸುಳ್ಳು.

ನಿಮ್ಮ ಅಣ್ಣ ಹೇಳಿದ ‘ನಾನು ಬರಬಾರದು’ ಎಂಬ ನಿಯಮ ಅರ್ಧ ನಿಜ. ‘ನನಗೆ ಅನಿಸುವ ಪ್ರಕಾರ’, ‘ನನ್ನ ಅಭಿಪ್ರಾಯದಲ್ಲಿ’ ಅನ್ನುವುದನ್ನು ತೆಗೆಯಬೇಕು, ನಿಜ. ಪ್ರಬಂಧ ನಿಮ್ಮದು, ಅಭಿಪ್ರಾಯವೂ ನಿಮ್ಮದೇ ಅಂತ ಎಲ್ಲರಿಗೂ ಗೊತ್ತು. ಆದರೆ ‘ನಾನು’ ಎಂಬುದಕ್ಕೆ ಹೆದರಿ ‘ಎಂದು ಭಾವಿಸಲಾಗಿದೆ’, ‘ಎನ್ನಬಹುದಾಗಿದೆ’ ಅಂತ ಬರೆಯುವುದು ಇನ್ನೂ ಅಪಾಯ. ಭಾವಿಸಿದವರು ಯಾರು? ನೀವೋ, ಇತಿಹಾಸಕಾರರೋ, ಆ ಕಾಲದ ವೈದ್ಯರೋ? ಅಮೆರಿಕದ ಮನಶ್ಶಾಸ್ತ್ರ ಸಂಘದ, ಅಂದರೆ ಎಪಿಎ, ಶೈಲಿ ಕೈಪಿಡಿ ನೀವೇ ಮಾಡಿದ ಕೆಲಸಕ್ಕೆ ‘ನಾನು’ ಅಂತಲೇ ಬರೆಯಿರಿ ಅನ್ನುತ್ತದೆ. ನಿಮ್ಮ ಶಾಲೆಯಲ್ಲಿ ಬೇರೆ ನಿಯಮ ಇರಬಹುದು. ಇದ್ದರೆ ‘ಈ ಪ್ರಬಂಧ ವಾದಿಸುವುದೇನೆಂದರೆ’ ಅನ್ನಿ, ಅದೂ ಒಂದೇ ಸಲ. ಉಳಿದ ಕಡೆ ನೇರವಾಗಿ ಹೇಳಿ.

ಐದು ಪ್ಯಾರಾ ಅನ್ನುವುದು ಪರೀಕ್ಷೆಯ ಕೊಠಡಿಯಲ್ಲಿ ಗಡಿಯಾರ ನೋಡಿಕೊಂಡು ಬರೆಯುವವರಿಗೆ ಹೇಳಿಕೊಡುವ ಚೌಕಟ್ಟು. ಅಲ್ಲಿ ಅದು ಉಪಯುಕ್ತ. 1,500 ಪದಗಳಿಗೆ ಅದನ್ನೇ ಹಿಡಿದರೆ ಒಂದೊಂದು ಪ್ಯಾರಾ 300 ಪದ ಆಗುತ್ತದೆ, ಓದಲು ಕಷ್ಟ. ಮೂರು ಕಾರಣಗಳೇ ಇರಬೇಕು ಅಂತ ಇಲ್ಲದ ಮೂರನೆಯದನ್ನು ಹುಟ್ಟಿಸುವವರನ್ನೂ ನೋಡಿದ್ದೇನೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಇರಲಿ. ನಡುವೆ ವಾದಕ್ಕೆ ಎಷ್ಟು ಪ್ಯಾರಾ ಬೇಕೋ ಅಷ್ಟು. ನಿಮ್ಮ ವಿಷಯಕ್ಕೆ ಒಟ್ಟು ಎಂಟೊಂಬತ್ತು ಆಗಬಹುದು.

ಉಪಸಂಹಾರದ ಬಗ್ಗೆ ಒಂದೇ ಮಾತು: ಪೀಠಿಕೆಯನ್ನು ಬೇರೆ ಪದಗಳಲ್ಲಿ ಮತ್ತೆ ಬರೆಯಬೇಡಿ. ನಿಮ್ಮ ವಾದ ಒಪ್ಪಿದರೆ ಮುಂದೆ ಏನು ಕೇಳಬೇಕಾಗುತ್ತದೆ ಅನ್ನುವುದನ್ನು ಬರೆಯಿರಿ. ಸಿಡುಬಿಗೆ ಫಲಿಸಿದ ವಿಧಾನ ರೋಗಿಯನ್ನು ಕಣ್ಣಿಂದ ಗುರುತಿಸಲಾಗದ ರೋಗಗಳಿಗೆ ಎಷ್ಟು ಫಲಿಸೀತು? ಪೋಲಿಯೊ ವೈರಸ್ ತಗಲಿದ ಹೆಚ್ಚಿನವರಲ್ಲಿ ಲಕ್ಷಣಗಳೇ ಕಾಣುವುದಿಲ್ಲ. ಅದನ್ನು ಎರಡು ಮೂರು ವಾಕ್ಯದಲ್ಲಿ ತಂದರೆ ನಿಮ್ಮ ವಾದದ ಮಿತಿಯೂ ನಿಮಗೆ ಗೊತ್ತಿದೆ ಅಂತ ಆಗುತ್ತದೆ.

ಈಗ ‘ಇದೆಲ್ಲ ಎಲ್ಲಿಂದ ಬಂತು?’ ಇದನ್ನು ಕೇಳಿದಾಗ ವಿದ್ಯಾರ್ಥಿಗಳಿಗೆ ಅನುಮಾನಿಸಿದರು ಅನ್ನಿಸುತ್ತದೆ. ಹಾಗಲ್ಲ. ನೀವು ಹೇಳಿದ್ದನ್ನು ಓದುವವರು ತಾವೇ ಹೋಗಿ ನೋಡಲು ಆಗಬೇಕು, ಅಷ್ಟೇ. ವಿಕಿಪೀಡಿಯ ತೆರೆಯುವುದು ತಪ್ಪಲ್ಲ. ನಾನೂ ಮೊದಲು ಅಲ್ಲೇ ಹೋಗುತ್ತೇನೆ. ಹೊಸ ವಿಷಯದ ನಕ್ಷೆ ಸಿಗುತ್ತದೆ, ಪುಟದ ಕೆಳಗೆ ಮೂಲಗಳ ಪಟ್ಟಿ ಸಿಗುತ್ತದೆ. ಅದನ್ನೇ ಆಧಾರವಾಗಿ ತೋರಿಸುವುದು ತೊಂದರೆ. ಅಲ್ಲಿನ ಬರಹ ನಾಳೆ ಬದಲಾಗಬಹುದು, ಬರೆದವರು ಯಾರು ಅಂತ ಹೇಳಲಾಗದು. ಆ ಪಟ್ಟಿಯಿಂದ ಒಳ್ಳೆಯ ಮೂರ್ನಾಲ್ಕು ಮೂಲಗಳನ್ನು ಆರಿಸಿ ಅವನ್ನೇ ಓದಿ. ನಿಮ್ಮ ಅದೃಷ್ಟಕ್ಕೆ, ಮೊದಲು ಹೇಳಿದ 1988ರ ಆ ದೊಡ್ಡ ಗ್ರಂಥ ಇಂಟರ್‌ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಪೂರ್ತಿ ಓದುವುದು ಬೇಡ. ಪರಿವಿಡಿ ನೋಡಿ, ನಿಮಗೆ ಬೇಕಾದ ಒಂದೆರಡು ಅಧ್ಯಾಯ ಸಾಕು.

ಉಲ್ಲೇಖದ ಶೈಲಿಗಳಲ್ಲಿ ಮೂರು ಹೆಸರು ಹೆಚ್ಚು ಕೇಳುತ್ತೀರಿ. ಎಪಿಎಯಲ್ಲಿ ಆವರಣದೊಳಗೆ ಲೇಖಕರ ಹೆಸರು, ಇಸವಿ. ಅಮೆರಿಕದ ಆಧುನಿಕ ಭಾಷಾ ಸಂಘದ, ಅಂದರೆ ಎಂಎಲ್‌ಎ, ಶೈಲಿಯಲ್ಲಿ ಹೆಸರು, ಪುಟ ಸಂಖ್ಯೆ. ಶಿಕಾಗೊ ಶೈಲಿಯಲ್ಲಿ ಇತಿಹಾಸದವರು ಸಾಮಾನ್ಯವಾಗಿ ಅಡಿಟಿಪ್ಪಣಿ ಹಾಕುತ್ತಾರೆ. ಯಾವುದು ಶ್ರೇಷ್ಠ ಅನ್ನುವ ಚರ್ಚೆಗೆ ಹೋಗಬೇಡಿ. ಶಾಲೆ ಹೇಳಿದ್ದನ್ನು ಹಿಡಿದು ಕೊನೆವರೆಗೂ ಅದನ್ನೇ ಪಾಲಿಸಿ. ಓದುವಾಗಲೇ ಪುಟ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೊನೆಯ ರಾತ್ರಿ ಕೂತು ‘ಈ ಸಂಖ್ಯೆ ಎಲ್ಲಿ ಓದಿದ್ದೆ?’ ಅಂತ ಹುಡುಕುವುದರಲ್ಲಿ ಕಳೆದುಹೋಗುವ ಹೊತ್ತು ಬೇಸರ ತರಿಸುತ್ತದೆ.

ಕೃತಿಚೌರ್ಯದ ಭಯಕ್ಕೆ ಬರುತ್ತೇನೆ. ನಾನು ಕಂಡ ಪ್ರಕರಣಗಳಲ್ಲಿ ಬೇಕೆಂದೇ ಕದ್ದವರಿಗಿಂತ ಟಿಪ್ಪಣಿ ಸರಿಯಾಗಿ ಮಾಡಿಕೊಳ್ಳದೆ ಸಿಕ್ಕಿಬಿದ್ದವರೇ ಜಾಸ್ತಿ. ಮೂಲದ ವಾಕ್ಯವನ್ನು ನೋಟ್ಸ್‌ಗೆ ಹಾಗೇ ಇಳಿಸಿಕೊಳ್ಳುತ್ತಾರೆ. ವಾರದ ನಂತರ ಅದು ತಮ್ಮದೇ ವಾಕ್ಯ ಅನ್ನಿಸುತ್ತದೆ. ಇನ್ನು ಕೆಲವರು ಮೂಲವನ್ನು ಎದುರಿಗಿಟ್ಟುಕೊಂಡು ಒಂದೊಂದೇ ಪದ ಬದಲಾಯಿಸುತ್ತಾರೆ. ಒಂದು ಮೂಲದಲ್ಲಿ ‘ಲಸಿಕೆಯ ಕೊರತೆಯೇ ಹೊಸ ವಿಧಾನವನ್ನು ಯೋಚಿಸುವಂತೆ ಮಾಡಿತು’ ಅಂತ ಇದೆ ಅಂದುಕೊಳ್ಳಿ. ‘ಲಸಿಕೆಯ ಅಭಾವವೇ ನೂತನ ಕ್ರಮವನ್ನು ಚಿಂತಿಸುವಂತೆ ಮಾಡಿತು’ ಅಂತ ಬರೆದರೆ ಅದು ನಿಮ್ಮ ಮಾತಾಗಲಿಲ್ಲ. ಮೂಲದ ಹೆಸರು ಕೊಟ್ಟರೂ ತಪ್ಪೇ, ಏಕೆಂದರೆ ವಾಕ್ಯದ ಮೈಕಟ್ಟು ಅವರದ್ದೇ. ಪುಸ್ತಕ ಮುಚ್ಚಿ. ಗೆಳತಿಗೆ ಹೇಳುವಂತೆ ನೆನಪಿನಿಂದ ಬರೆಯಿರಿ. ಆಮೇಲೆ ತೆರೆದು, ಸಂಗತಿ ಸರಿಯಿದೆಯೇ ನೋಡಿ, ಮೂಲದ ಹೆಸರು ಹಾಕಿ. ಅವರ ಪದಗಳೇ ಬೇಕು ಅನ್ನಿಸಿದರೆ ಉದ್ಧರಣ ಚಿಹ್ನೆಯೊಳಗೆ ಹಾಗೇ ಕೊಡಿ. ಹೋಲಿಕೆ ನೋಡುವ ಸಾಫ್ಟ್‌ವೇರ್ ಶೇಕಡ ಇಷ್ಟು ಅಂತ ತೋರಿಸಿದರೆ ಹೆದರಬೇಡಿ. ಉದ್ಧರಣ, ಗ್ರಂಥಗಳ ಹೆಸರು, ಸಾಮಾನ್ಯ ನುಡಿಗಟ್ಟು ಎಲ್ಲವೂ ಅದರಲ್ಲಿ ಸೇರುತ್ತವೆ. ಆ ಸಂಖ್ಯೆ ತೀರ್ಪಲ್ಲ. ತೀರ್ಪು ಕೊಡುವುದು ಓದುವ ಟೀಚರ್.

ಎಐ ವಿಷಯದಲ್ಲಿ ಮೊದಲು ಶಾಲೆಯ ನಿಯಮ ಕೇಳಿ. ಕೆಲವು ಕಡೆ ಪೂರ್ತಿ ನಿಷೇಧ, ಕೆಲವು ಕಡೆ ಹೇಳಿ ಬಳಸಬಹುದು. ಅದು ಬರೆದ ಪ್ರಬಂಧವನ್ನು ನಿಮ್ಮದು ಅಂತ ಕೊಡುವುದು ಮೋಸ, ಅದರಲ್ಲಿ ಎರಡು ಮಾತಿಲ್ಲ. ಅದರಾಚೆಗೂ ಅಪಾಯ ಇದೆ. ಅದು ಇಲ್ಲದ ಪುಸ್ತಕ, ಇಲ್ಲದ ಲೇಖನಗಳನ್ನು ಇರುವಂತೆಯೇ ಹೆಸರು, ಇಸವಿ ಸಮೇತ ಕೊಟ್ಟುಬಿಡುತ್ತದೆ. 2023ರಲ್ಲಿ ನ್ಯೂಯಾರ್ಕ್‌ನ ವಕೀಲರಿಬ್ಬರು ಚಾಟ್‌ಜಿಪಿಟಿ ಸೃಷ್ಟಿಸಿದ, ಎಲ್ಲೂ ಇಲ್ಲದ ತೀರ್ಪುಗಳನ್ನು ನ್ಯಾಯಾಲಯದ ಮುಂದಿಟ್ಟರು. ನ್ಯಾಯಾಧೀಶರು 5,000 ಡಾಲರ್ ದಂಡ ಹಾಕಿದರು. ಕಾನೂನು ಓದಿದವರೇ ಹೀಗೆ ಸಿಕ್ಕಿಬಿದ್ದಿದ್ದಾರೆ. ಇನ್ನೊಂದು ಬದಿಯೂ ಇದೆ. ಎಐ ಬರಹವನ್ನು ಪತ್ತೆ ಹಚ್ಚುವ ಸಾಧನಗಳನ್ನು ಪೂರ್ತಿ ನಂಬಲಾಗದು. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅಂದರೆ ನೀವೇ ಬರೆದದ್ದರ ಮೇಲೂ ಅನುಮಾನ ಬರಬಹುದು. ಹಾಗಾಗಿ ಕರಡುಗಳನ್ನು ಅಳಿಸಬೇಡಿ. ತಾರೀಖು ಹಾಕಿ ಒಂದೊಂದನ್ನೂ ಇಟ್ಟುಕೊಳ್ಳಿ. ಕೈಬರಹದ ಟಿಪ್ಪಣಿಗಳೂ ಇರಲಿ. ಯಾರಾದರೂ ಕೇಳಿದರೆ ಅವೇ ನಿಮ್ಮ ಸಾಕ್ಷಿ.

ಹತ್ತು ದಿನದಲ್ಲಿ ಏನು ಮಾಡಬಹುದು? ಒಂದು, ಇರುವ ಕರಡಿಗೇ ತೇಪೆ ಹಾಕುವುದು. ‘ಮಾಯವಾಯಿತು’ ತೆಗೆದು, ಅಲ್ಲಲ್ಲಿ ಉಲ್ಲೇಖ ಸೇರಿಸಿ ಕೊಡಬಹುದು. ಎರಡು ದಿನದಲ್ಲಿ ಮುಗಿಯುತ್ತದೆ. ಆದರೆ ‘ವಾದ ಇಲ್ಲ’ ಎಂಬ ಮಾತು ಹಾಗೇ ಉಳಿಯುತ್ತದೆ, ಅಂಕವೂ ಹೆಚ್ಚು ಏರುವುದಿಲ್ಲ. ಇನ್ನೊಂದು, ವಿಷಯವನ್ನೇ ಬದಲಿಸಿ ಸುಲಭದ್ದು ಹುಡುಕುವುದು. ನನ್ನ ಸಲಹೆ ಕೇಳಿದರೆ, ಬೇಡ. ಓದಿದ್ದೆಲ್ಲ ವ್ಯರ್ಥವಾಗುತ್ತದೆ. ಹೊಸ ವಿಷಯದಲ್ಲೂ ಪ್ರಶ್ನೆ ಇಲ್ಲದಿದ್ದರೆ ಇದೇ ಕಥೆ.

ನಾನು ಹೇಳುವುದು ನಡುವಿನ ದಾರಿ. ಸಾಮಗ್ರಿ ಇಟ್ಟುಕೊಳ್ಳಿ, ಕಟ್ಟಡ ಕೆಡವಿ. ಮೊದಲ ಎರಡು ದಿನ ಪ್ರಶ್ನೆ ಮತ್ತು ಎರಡು ವಾಕ್ಯದ ಪ್ರತಿಪಾದನೆಗೆ. ಮುಂದಿನ ಮೂರು ದಿನ ಆ ಪ್ರಶ್ನೆಗೆ ಬೇಕಾದಷ್ಟನ್ನೇ ಓದಿ. ಆಮೇಲೆ ಪ್ರತಿ ಪ್ಯಾರಾದ ಮೊದಲ ವಾಕ್ಯವನ್ನು ಮಾತ್ರ ಒಂದು ಹಾಳೆಯಲ್ಲಿ ಬರೆಯಿರಿ. ಆ ಎಂಟೊಂಬತ್ತು ವಾಕ್ಯಗಳನ್ನು ಸಾಲಾಗಿ ಓದಿದರೆ ವಾದ ಮುಂದೆ ಸಾಗುವುದು ಗೊತ್ತಾಗಬೇಕು. ಎಲ್ಲ ವಾಕ್ಯವೂ ಇಸವಿಯಿಂದ ಶುರುವಾಗಿದ್ದರೆ ಮತ್ತೆ ಕಾಲಾನುಕ್ರಮದ ಕಥೆಗೆ ಇಳಿದಿದ್ದೀರಿ ಅಂತ ತಿಳಿಯಿರಿ. ಅದು ಸರಿಯಾದ ಮೇಲೆ ಬರೆಯಲು ಮೂರು ದಿನ ಸಾಕು. ಪೀಠಿಕೆಯನ್ನು ಕೊನೆಗೆ ಬರೆಯಿರಿ. ಉಳಿದ ಎರಡು ದಿನದಲ್ಲಿ ಒಂದು ದಿನ ಅದನ್ನು ಮುಟ್ಟಲೇಬೇಡಿ, ಇನ್ನೊಂದು ದಿನ ಗಟ್ಟಿಯಾಗಿ ಓದಿ ತಿದ್ದಿ. ಉಸಿರು ಸಿಕ್ಕಿಕೊಳ್ಳುವ ಕಡೆ ವಾಕ್ಯ ಉದ್ದವಾಗಿದೆ ಅಂತ ಅರ್ಥ. ಈ ದಾರಿಯ ಅಪಾಯ ಒಂದೇ, ಓದಿನ ಮೂರು ದಿನ ಐದಾರು ಆಗಿಬಿಡುವುದು. ಓದುವುದು ಹಿತ, ಬರೆಯುವುದು ಕಷ್ಟ, ಹಾಗಾಗಿ ಎಲ್ಲರೂ ಓದನ್ನೇ ಎಳೆಯುತ್ತಾರೆ. ಐದನೇ ದಿನದ ರಾತ್ರಿ ಪುಸ್ತಕ ಮುಚ್ಚಿಬಿಡಿ.

ಪ್ರತಿಪಾದನೆ ಬರೆದ ಮಾರನೆಯ ದಿನವೇ, ಕರಡು ಮುಗಿಯುವವರೆಗೆ ಕಾಯದೆ, ಆ ಎರಡು ವಾಕ್ಯವನ್ನು ಟೀಚರ್‌ಗೆ ತೋರಿಸಿ. ‘ಇದು ವಾದವೇ, ಇದನ್ನು 1,500 ಪದಗಳಲ್ಲಿ ಸಾಧಿಸಬಹುದೇ?’ ಅಂತ ಕೇಳಿ. ಎರಡು ವಾಕ್ಯ ಓದಲು ಯಾರೂ ಬೇಸರಪಡುವುದಿಲ್ಲ. ಆಗಲೇ ಇನ್ನೂ ಮೂರು ವಿಷಯ ಕೇಳಿಕೊಂಡು ಬನ್ನಿ: ಯಾವ ಉಲ್ಲೇಖ ಶೈಲಿ, 1,500 ಪದಗಳಲ್ಲಿ ಅಡಿಟಿಪ್ಪಣಿ ಮತ್ತು ಗ್ರಂಥಗಳ ಪಟ್ಟಿ ಸೇರುತ್ತವೆಯೇ, ಎಐ ಬಗ್ಗೆ ಶಾಲೆಯ ನಿಯಮ ಏನು.